ಗುಡ್ಡ ಹತ್ತೋಕೆ ಗಾತ್ರ ಯಾಕೆ ಸ್ವಾಮಿ?

ನಮ್ಮ ದೇಶದಲ್ಲಿ ತಯಾರಾದ ಒಳ್ಳೆಯ ಆಫ್-ರೋಡ್ ಗಾಡಿಗಳ ಪಟ್ಟಿ ಮಾಡು ಅಂತ ಯಾರಾದರೂ ಕೇಳಿದರೆ, ಮೊದಲ ಐದರಲ್ಲಿ ನಾನು ಮಾರುತಿ ಓಮ್ನಿಯ ಹೆಸರು ಬರೆಯುತ್ತೇನೆ. ನಗಬೇಡಿ, ತಮಾಷೆ ಮಾಡ್ತಿಲ್ಲ. ಆಫೀಸಿನಲ್ಲಿ ಈ ಮಾತು ಹೇಳಿದಾಗ ಪಕ್ಕದ ಸೀಟಿನ ಗೆಳೆಯನಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತ್ತು. "ಲೋ, ಅದು ಸಿನಿಮಾದಲ್ಲಿ ಹೀರೋಯಿನ್‌ನ ಎತ್ತಾಕ್ಕೊಂಡು ಹೋಗೋ ಗಾಡಿ ಅಲ್ವೇನೋ?" ಅಂದ. ಹೌದು ಕಣಪ್ಪಾ, ಅದೇ ಗಾಡಿ. 796 ಸಿಸಿ, ಮೂರು ಸಿಲಿಂಡರ್, ಮುಂದಿನ ಸೀಟಿನ ಅಡಿಯಲ್ಲಿ ಇಂಜಿನ್ (ಬೇಸಿಗೆಯಲ್ಲಿ ಕೂತವರಿಗೆ ಉಚಿತ ಶಾಖ ಚಿಕಿತ್ಸೆ!), ಶಕ್ತಿ ಮಾತ್ರ ಹಿಂದಿನ ಚಕ್ರಕ್ಕೆ. 1984ರಲ್ಲಿ ಮಾರುತಿ ವ್ಯಾನ್ ಅನ್ನೋ ಹೆಸರಲ್ಲಿ ಬಂದು, ಆಮೇಲೆ ಓಮ್ನಿಯಾಗಿ, 2019ರಲ್ಲಿ ಕಣ್ಮುಚ್ಚಿದ ಬ್ರೆಡ್ ಡಬ್ಬಿ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಗುಡ್ಡದ ನೆತ್ತಿಯಲ್ಲೋ ತೋಟದ ತಳದಲ್ಲೋ ಮನೆ. ಒಂದು ಕಡೆ ದರೆ, ಇನ್ನೊಂದು ಕಡೆ ಹಳ್ಳ, ನಡುವೆ ಮಳೆಗಾಲದಲ್ಲಿ ಸೋಪು ಹಚ್ಚಿದ ಹಾಗಿರುವ ಕೆಂಪು ಮಣ್ಣಿನ ಏರು. ಅಲ್ಲಿಗೆ ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್, ಶಾಲೆ ಮಕ್ಕಳು, ಹೆರಿಗೆಗೆ ಹೊರಟ ಹೆಂಗಸು, ಎಲ್ಲರನ್ನೂ ಹೊತ್ತಿದ್ದು ಎರಡೇ ಗಾಡಿ. ಹಳೇ ಜೀಪು, ಇಲ್ಲವೇ ಓಮ್ನಿ. ಇವರ್ಯಾರೂ ತಮ್ಮನ್ನು ಆಫ್-ರೋಡರ್ ಅಂತ ಕರೆದುಕೊಂಡವರಲ್ಲ. ಮನೆಗೆ ಹೋಗುತ್ತಿದ್ದರು, ಅಷ್ಟೇ.

ನನ್ನ ವಾದ ಇಷ್ಟು: ರಸ್ತೆ ಇಲ್ಲದ ಕಡೆ ಹೋಗೋಕೆ ಬೇಕಾಗಿರೋದು ದೊಡ್ಡ ಗಾಡಿ ಅಲ್ಲ, ಹಗುರವಾದ ಗಾಡಿ. ಇದು ಎಪ್ಪತ್ತು ವರ್ಷದಿಂದ ಗೊತ್ತಿರೋ ಸತ್ಯ. ಆದರೂ ನಾವು ಆಫ್-ರೋಡಿಂಗನ್ನ ರಸ್ತೆ ಇಲ್ಲದವರ ಕೈಯಿಂದ ಕಿತ್ತು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ್ದೇವೆ.

*

ಮೊದಲು ಸ್ವಲ್ಪ ಮೆಕ್ಯಾನಿಕ್ಸ್ (ಬೋರ್ ಆದ್ರೆ ಮುಂದಿನ ಭಾಗಕ್ಕೆ ಹಾರಿ)

"ದೊಡ್ಡ ಗಾಡಿ ಭಾರ ಇರುತ್ತೆ, ಅದಕ್ಕೇ ಗ್ರಿಪ್ ಜಾಸ್ತಿ" ಅನ್ನೋದು ಎಲ್ಲರ ಬಾಯಲ್ಲೂ ಕೇಳೋ ಮಾತು. ಇಂಜಿನಿಯರಿಂಗ್ ಮೊದಲ ವರ್ಷದ ಲೆಕ್ಕ ನೆನಪಿಸಿಕೊಳ್ಳಿ. ಭಾರ ಹೆಚ್ಚಿದ್ದರೆ ಟೈರಿನ ಹಿಡಿತ ಹೆಚ್ಚುತ್ತೆ, ನಿಜ. ಆದರೆ ಏರಿನಲ್ಲಿ ಗಾಡಿಯನ್ನು ಕೆಳಕ್ಕೆ ಎಳೆಯೋ ಬಲವೂ ಅಷ್ಟೇ ಪಟ್ಟು ಹೆಚ್ಚುತ್ತೆ. ಸಮೀಕರಣದ ಎರಡೂ ಕಡೆ ಇರೋ ದ್ರವ್ಯರಾಶಿ ಹೊಡೆದುಹೋಗುತ್ತೆ. ಅಂದರೆ ಗಟ್ಟಿ ನೆಲದ ಏರಿನಲ್ಲಿ ಭಾರದಿಂದ ಲಾಭ ಸೊನ್ನೆ.

ಕೆಸರಲ್ಲಂತೂ ಭಾರ ನಷ್ಟವೇ. ಮೆತ್ತಗಿನ ನೆಲದಲ್ಲಿ ಭಾರದ ಗಾಡಿ ಹೂತುಕೊಳ್ಳುತ್ತೆ, ಹೂತಷ್ಟೂ ಮುಂದಿನ ಮಣ್ಣನ್ನು ತಳ್ಳಿಕೊಂಡು ಹೋಗಬೇಕು. ಟೈರು ನೆಲವನ್ನು ಒತ್ತೋದು ಹೆಚ್ಚು ಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. ಅದಕ್ಕೇ ಮರಳಿಗೆ ಇಳಿಯೋ ಮುಂಚೆ ಗಾಳಿ ಇಳಿಸ್ತಾರೆ. ಹಗುರವಾದ ಗಾಡಿಗೆ ಕಡಿಮೆ ಗಾಳಿ ಸಾಕು. ಎರಡು ಟನ್ ಗಾಡಿಗೂ ಅಷ್ಟೇ ಇಳಿಸಿದರೆ ಟೈರು ರಿಮ್ ಬಿಟ್ಟು ಬಂದೀತು.

ಇನ್ನು ಮೂರು ಕೋನಗಳಿವೆ. ನಾನು ಅವಕ್ಕೆ ಮೂತಿ, ಹೊಟ್ಟೆ, ಬಾಲ ಅಂತ ಹೆಸರಿಟ್ಟಿದ್ದೇನೆ :-) ದಿಬ್ಬ ಹತ್ತುವಾಗ ಮೂತಿ ತಾಗಬಾರದು, ದಿಬ್ಬದ ತಲೆ ದಾಟುವಾಗ ಹೊಟ್ಟೆ ತಾಗಬಾರದು, ಇಳಿಯುವಾಗ ಬಾಲ ತಾಗಬಾರದು. ಇದರಲ್ಲಿ ಹೊಟ್ಟೆಯ ಕೋನವನ್ನು ತೀರ್ಮಾನಿಸೋದು ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ. ಸುಝುಕಿ ಜಿಮ್ನಿಯನ್ನೇ ನೋಡಿ. ಮೂರು ಬಾಗಿಲಿನದ್ದರಲ್ಲಿ ಈ ದೂರ 2250 ಮಿಲಿಮೀಟರ್, ಹೊಟ್ಟೆಯ ಕೋನ 28 ಡಿಗ್ರಿ. ಎರಡು ಬಾಗಿಲು ಸೇರಿಸಿ 2590 ಮಾಡಿದ ತಕ್ಷಣ ಕೋನ 24ಕ್ಕೆ ಇಳಿಯಿತು. ಅದೇ ಚಾಸಿ, ಅದೇ ಫೋರ್ ವೀಲ್ ಡ್ರೈವ್. ಸೌಕರ್ಯ ಸೇರಿಸಿದ್ದಕ್ಕೆ ನಾಲ್ಕು ಡಿಗ್ರಿ ತೆತ್ತರು. ನಮ್ಮ ಕೆಲಸದಲ್ಲೂ ಇದೇ ಅಲ್ವಾ? ಫೀಚರ್ ಮೇಲೆ ಫೀಚರ್ ತುರುಕಿ, ಕೊನೆಗೆ ಆ್ಯಪ್ ತೆರೆಯೋಕೇ ಅರ್ಧ ನಿಮಿಷ!

ಹಾಗಂತ ಹಗುರ ಆದ್ರೆ ಸಾಕು ಅಂತಲ್ಲ. ಬ್ರಿಟನ್ನಿನ ಮಿನಿ ಮೋಕ್ ಕಥೆ ಇದಕ್ಕೆ ಸಾಕ್ಷಿ. ಮಿನಿ ಕಾರನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಅವರೇ ಸೈನ್ಯಕ್ಕಾಗಿ ವಿಮಾನದಿಂದ ಇಳಿಸಬಹುದಾದ ಪುಟ್ಟ ಗಾಡಿಯ ಯೋಚನೆ ಮಾಡಿದ್ದರು. ಕೆಟ್ಟರೆ ಸೈನಿಕರೇ ಎತ್ತಿಕೊಂಡು ಹೋಗುವಷ್ಟು ಹಗುರ. ಆದರೆ ಚಕ್ರ ಹತ್ತೇ ಇಂಚು, ಹೊಟ್ಟೆ ನೆಲಕ್ಕೆ ಸವರೋ ಹಾಗೆ. ಸೈನ್ಯ ಒಲ್ಲೆ ಎಂದಿತು, ಮೋಕ್ ಸಮುದ್ರ ತೀರದ ಶೋಕಿ ಗಾಡಿಯಾಯಿತು. ಆದ್ದರಿಂದ ಹಗುರ, ಗಿಡ್ಡ, ಕಾಲು ಉದ್ದ, ಈ ಮೂರೂ ಬೇಕು. ನಮ್ಮ ಮೇಕೆ ಇದ್ದ ಹಾಗೆ. ಬಂಡೆ ಮೇಲೆ ಮೇಕೆ ನಿಂತಿರೋದನ್ನು ನೋಡಿರುತ್ತೀರಿ, ಎಮ್ಮೆ ನಿಂತಿದ್ದನ್ನು ನೋಡಿದ್ದೀರಾ?

*

ಎರಡು ಇಂಜಿನ್ನಿನ ತಗಡು ಡಬ್ಬಿ

ಈ ಜಾತಿಯ ಗಾಡಿಗಳಲ್ಲಿ ನನಗೆ ಅತಿ ಪ್ರೀತಿಯದ್ದು ಫ್ರಾನ್ಸಿನ ಸಿಟ್ರಾನ್ ಟೂ ಸಿ.ವಿ. ಹಳ್ಳಿಯ ರೈತ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಉತ್ತ ಹೊಲ ದಾಟಿದರೂ ಒಂದು ಮೊಟ್ಟೆಯೂ ಒಡೆಯಬಾರದು, ಕಂಪನಿ ತನ್ನ ಇಂಜಿನಿಯರುಗಳಿಗೆ ಕೊಟ್ಟ ಷರತ್ತು ಇದು. (ನಮಗೆ ಸಿಗೋ ರಿಕ್ವೈರ್‌ಮೆಂಟ್ ಡಾಕ್ಯುಮೆಂಟುಗಳು ಇಷ್ಟು ಸ್ಪಷ್ಟವಾಗಿದ್ದರೆ!) 1948ರಲ್ಲಿ ಪ್ಯಾರಿಸ್ಸಿನಲ್ಲಿ ಗಾಡಿ ಹೊರಬಂದಾಗ ಇಂಜಿನ್ 375 ಸಿಸಿ, ಶಕ್ತಿ 9 ಕುದುರೆ. ಪತ್ರಕರ್ತರು ಗೇಲಿ ಮಾಡಿದರು, ಜನ ಸಾಲು ನಿಂತು ಕೊಂಡರು. 1990ರವರೆಗೂ ತಯಾರಾಯಿತು.

ಇದಕ್ಕೊಬ್ಬ ತಿಕ್ಕಲು ತಮ್ಮ ಇದ್ದ, ಟೂ ಸಿ.ವಿ. ಸಹಾರಾ. 1958ರಲ್ಲಿ ತೋರಿಸಿದರು, 1960ರಿಂದ ಮಾರಿದರು. ಫೋರ್ ವೀಲ್ ಡ್ರೈವ್ ಬೇಕು, ಆದರೆ ಮುಂದಿನಿಂದ ಹಿಂದಕ್ಕೆ ಉದ್ದನೆಯ ಶಾಫ್ಟ್, ಟ್ರಾನ್ಸ್‌ಫರ್ ಕೇಸ್ ಅಂತ ತೂಕ ಹೇರೋದು ಯಾರಿಗೆ ಬೇಕು? ಡಿಕ್ಕಿಯಲ್ಲಿ ಇನ್ನೊಂದು ಇಂಜಿನ್ ಕೂರಿಸಿಬಿಟ್ಟರು! ಮುಂದೊಂದು 425 ಸಿಸಿ, ಹಿಂದೊಂದು 425 ಸಿಸಿ, ಎರಡು ಪೆಟ್ರೋಲ್ ಟ್ಯಾಂಕು, ಎರಡು ಕೀಲಿಕೈ, ಗೇರ್ ಹಾಕೋಕೆ ಮಾತ್ರ ಒಂದೇ ಕೋಲು. ಒಂದು ಇಂಜಿನ್ ಕೆಟ್ಟರೆ ಇನ್ನೊಂದರಲ್ಲಿ ಮನೆ ಸೇರಬಹುದು. ಮರುಭೂಮಿಯ ನಡುವೆ ಇಂಥ ಬ್ಯಾಕಪ್‌ಗಿಂತ ಹೆಚ್ಚಿನದೇನು ಬೇಕು? ಒಟ್ಟು ತಯಾರಾಗಿದ್ದು 694 ಗಾಡಿ. ವ್ಯಾಪಾರದಲ್ಲಿ ಸೋಲು, ಯೋಚನೆಯಲ್ಲಿ ಗೆಲುವು ಅಂತ ನಾನಂತೂ ಅಂದ್ಕೋತೀನಿ. ಒಂದೇ ಇಂಜಿನ್ನಿನ ಸಾಮಾನ್ಯ ಟೂ ಸಿ.ವಿ.ಗಳೇನೂ ಕಮ್ಮಿ ಇರಲಿಲ್ಲ. 1970ರಲ್ಲಿ ಪ್ಯಾರಿಸ್ಸಿನಿಂದ ಕಾಬೂಲಿಗೆ, 1973ರಲ್ಲಿ ಆಫ್ರಿಕಾದ ಉದ್ದಕ್ಕೆ ದಂಡು ಕಟ್ಟಿಕೊಂಡು ಹೋಗಿ ಬಂದವು.

ಜಪಾನಿನ ಕಥೆಯೂ ಹೀಗೇ. ಅಲ್ಲಿ ಕೇ ಕಾರು ಅಂತೊಂದು ವರ್ಗ ಇದೆ. ಸರಕಾರ ಅಳತೆಗೆ ಮಿತಿ ಹಾಕಿದೆ, ಆ ಮಿತಿಯೊಳಗೆ ಇದ್ದರೆ ತೆರಿಗೆ ಕಡಿಮೆ. ಹೋಪ್ ಎಂಬ ಸಣ್ಣ ಕಂಪನಿಯೊಂದು ಇಂಥ ಅಳತೆಯಲ್ಲೇ ಒಂದು ಪುಟ್ಟ ಜೀಪು ಮಾಡಿ ಮಾರಲಾಗದೆ ಕೈಚೆಲ್ಲಿತ್ತು. ಸುಝುಕಿ ಅದರ ಹಕ್ಕು ಕೊಂಡು, 1970ರಲ್ಲಿ ಎಲ್‌ಜೆ10 ಅಂತ ಹೊರತಂದಿತು. 359 ಸಿಸಿ ಟೂ ಸ್ಟ್ರೋಕ್ ಇಂಜಿನ್, 25 ಕುದುರೆ ಶಕ್ತಿ, ತೂಕ 600 ಕಿಲೋದ ಒಳಗೆ. ಉದ್ದ ಮೂರು ಮೀಟರ್ ಮೀರಬಾರದು ಅಂತ ಸ್ಟೆಪ್ನಿಯನ್ನು ಗಾಡಿಯೊಳಗೇ ಇಟ್ಟರು, ಅದಕ್ಕೇ ಕೂರೋಕೆ ಮೂರೇ ಜನಕ್ಕೆ ಜಾಗ! ಇವತ್ತಿನ ಜಿಮ್ನಿ ಇದರ ಮೊಮ್ಮಗ. ನಮ್ಮ ಜಿಪ್ಸಿ ನಡುವಿನ ತಲೆಮಾರು.

ಇದೇ ಕುಟುಂಬದ್ದು ಇನ್ನೊಂದು ಸಾಹಸ. ಚಿಲಿ-ಅರ್ಜೆಂಟೀನಾ ಗಡಿಯಲ್ಲಿ ಓಹೋಸ್ ದೆಲ್ ಸಲಾದೋ ಎಂಬ ಜ್ವಾಲಾಮುಖಿ ಇದೆ, ಜಗತ್ತಿನಲ್ಲೇ ಅತಿ ಎತ್ತರದ್ದು. 2007ರ ಏಪ್ರಿಲ್‌ನಲ್ಲಿ ಚಿಲಿಯ ಇಬ್ಬರು ಹಳೆಯ ಸುಝುಕಿ ಸಮುರಾಯ್ ಒಂದನ್ನು ತಿದ್ದಿ ತೀಡಿ ಅಲ್ಲಿ 6,688 ಮೀಟರ್ ಎತ್ತರಕ್ಕೆ ಹತ್ತಿಸಿದರು. ಅಲ್ಲಿ ಗಾಳಿ ಸಮುದ್ರ ಮಟ್ಟದ ಅರ್ಧದಷ್ಟೂ ಇಲ್ಲ, ಇಂಜಿನ್ ಉಸಿರಾಡೋದೇ ಕಷ್ಟ. ಆಮೇಲೆ ಈ ದಾಖಲೆ ಮುರಿಯೋಕೆ ಮರ್ಸಿಡಿಸ್‌ನ ಯೂನಿಮಾಗ್, ಪೋರ್ಷೆಯಂಥ ಘಟಾನುಘಟಿಗಳು ಕೋಟಿಗಟ್ಟಲೆ ಸಾಮಾನು ಹೊತ್ತು ಬರಬೇಕಾಯಿತು.

*

ನಮ್ಮ ಕಡೆಯ ಏರು

ಕೊಪ್ಪದ ಹತ್ತಿರ ನಮ್ಮ ನೆಂಟರ ಮನೆಯಲ್ಲಿ ಒಂದು ಆಷಾಢದಲ್ಲಿ ನಡೆದಿದ್ದು ಇದು. ಮೂರು ದಿನದಿಂದ ಬಿಡದೆ ಮಳೆ. ಬೆಂಗಳೂರಿನಿಂದ ಬಂದ ನೆಂಟರೊಬ್ಬರ ದೊಡ್ಡ ಎಸ್‌ಯುವಿ ಉಣಗೋಲಿನ ಹತ್ತಿರದ ಏರಿನಲ್ಲಿ ಕೂತುಬಿಟ್ಟಿತು. ನೋಡೋಕೆ ಗಜಗಾತ್ರ, ಬಾಗಿಲ ಮೇಲೆ ಕಾಡಿನ ಚಿತ್ರದ ಸ್ಟಿಕ್ಕರ್ ಬೇರೆ. ಆಕ್ಸಿಲರೇಟರ್ ಒತ್ತಿದಷ್ಟೂ ಮುಂದಿನ ಚಕ್ರ ಗಿರಗಿರ ತಿರುಗಿ ಕೆಸರು ಎರಚಿತೇ ಹೊರತು ಗಾಡಿ ಅಲ್ಲಾಡಲಿಲ್ಲ. ಫೋರ್ ವೀಲ್ ಡ್ರೈವ್ ಇರಲೇ ಇಲ್ಲ, ವೇಷ ಮಾತ್ರ!

ಅಷ್ಟರಲ್ಲಿ ಪಕ್ಕದ ಮನೆಯ ಓಮ್ನಿ ಗೊಬ್ಬರದ ಚೀಲ ಹೇರಿಕೊಂಡು ಬಂತು. ಡ್ರೈವರ್ ಇಳಿದು ಏರನ್ನೊಮ್ಮೆ ನಡೆದು ನೋಡಿ, ನಮ್ಮ ಕಡೆ ತಿರುಗಿ, "ಮಾರಾಯ್ರೇ, ಹಿಂದೆ ಭಾರ ಸಾಲ. ನೀವು ನಾಲ್ಕು ಜನ ಹಿಂದೆ ಹತ್ತಿ ಕೂತ್ಕೊಳ್ಳಿ" ಅಂದರು. ಹತ್ತಿದೆವು. ಹಿಂದಿನ ಟೈರಿಗೆ ಚೈನ್ ಕಟ್ಟಿದ್ದರು. ಎಸ್‌ಯುವಿ ಪಕ್ಕದಲ್ಲಿ ಒಂದು ಮೊಳ ಜಾಗ ಉಳಿದಿತ್ತು, ಅದರಲ್ಲೇ ನುಸುಳಿ, ಫಸ್ಟ್ ಗೇರಿನಲ್ಲಿ ಮಿಕ್ಸಿಯ ಹಾಗೆ ಕಿರುಚುತ್ತಾ ಓಮ್ನಿ ಅಂಗಳ ಮುಟ್ಟಿತು. ಎಸ್‌ಯುವಿಯನ್ನು ತಳ್ಳೋಕೆ ಎಂಟು ಜನ ಸಾಲಲಿಲ್ಲ, ಮರುದಿನ ಟ್ರ್ಯಾಕ್ಟರ್ ಬರಬೇಕಾಯಿತು. ಓಮ್ನಿ ಹೂತರೆ? ನಾಲ್ಕು ಜನ, ಎರಡು ಬೈಗುಳ, ಮುಗೀತು.

ಆ ಡ್ರೈವರ್ ಮಾಡಿದ್ದರಲ್ಲಿ ಆಫ್-ರೋಡಿಂಗಿನ ಪಾಠವೆಲ್ಲ ಇದೆ. ಇಳಿದು ದಾರಿ ನೋಡಿದರು, ಭಾರ ಎಲ್ಲಿರಬೇಕೋ ಅಲ್ಲಿಗೆ ಸರಿಸಿದರು, ಹಿಡಿತಕ್ಕೆ ಚೈನ್ ಕಟ್ಟಿದ್ದರು, ನಿಧಾನ ಹೋದರು.

*

"ಸರಿ ಮಾರಾಯ, ಸೇಫ್ಟಿ?"

ನನ್ನ ವಾದಕ್ಕೆ ಎದುರಾಗೋ ಗಟ್ಟಿ ಪ್ರಶ್ನೆ ಇದೇ. ಓಮ್ನಿಯಲ್ಲಿ ಡ್ರೈವರ್ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ತಗಡು ಬಿಟ್ಟರೆ ಏನೂ ಇರಲಿಲ್ಲ. 1985ರ ಡಿಸೆಂಬರ್‌ನಲ್ಲಿ ಬಂದ ಜಿಪ್ಸಿ ಮೂರು ದಶಕ ಸೈನ್ಯ, ಪೊಲೀಸು, ಅರಣ್ಯ ಇಲಾಖೆ ಎಲ್ಲರನ್ನೂ ಹೊತ್ತು, ಕೊನೆಗೆ ಸುರಕ್ಷತೆಯ ಹೊಸ ನಿಯಮಗಳ ಎದುರು ಸೋತು 2019ರ ಹೊತ್ತಿಗೆ ಸಾಮಾನ್ಯ ಜನರಿಗೆ ಸಿಗದ ಹಾಗಾಯಿತು. ಆ ನಿಯಮಗಳು ಸರಿಯೇ. ಹೈವೇಯಲ್ಲಿ ಜೀವ ಉಳಿಸೋ ನಿಯಮವನ್ನು ನನ್ನ ನಾಸ್ಟಾಲ್ಜಿಯಾಕ್ಕಾಗಿ ಸಡಿಲಿಸಿ ಅಂತ ಕೇಳಲಾರೆ. ಜಿಪ್ಸಿಯಲ್ಲಿ ಹಿಂದೆ ಕೂತು ಚಾರ್ಮಾಡಿ ಘಾಟಿ ಇಳಿದವರ ಬೆನ್ನುಮೂಳೆಯೂ ನನ್ನ ಪರ ಸಾಕ್ಷಿ ಹೇಳಲಾರದು ಬಿಡಿ :-)

ಆದರೆ ಹಗುರ ಮತ್ತು ಸುರಕ್ಷಿತ ಒಟ್ಟಿಗೆ ಇರಲಾರವು ಅನ್ನೋದು ಸುಳ್ಳು. 2018ರಲ್ಲಿ ಜಿಮ್ನಿಗೆ ಯೂರೋಪಿನ ಡಿಕ್ಕಿ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಬಂತು. ಹೆಗ್ಗಳಿಕೆಯೇನಲ್ಲ, ಆದರೆ ಏರ್‌ಬ್ಯಾಗ್, ಎಬಿಎಸ್ ಎಲ್ಲ ಇದ್ದೂ ಐದು ಬಾಗಿಲಿನದ್ದು ಸುಮಾರು 1200 ಕಿಲೋ ಅಷ್ಟೇ. ಇನ್ನೊಂದು ಮಾತು. ಎರಡು ಟನ್ ಗಾಡಿಯ ಒಳಗಿರುವವರು ಸೇಫ್, ಸರಿ. ಅದು ಗುದ್ದಿದ ಸ್ಕೂಟರಿನವರ ಲೆಕ್ಕ ಯಾರು ಬರೀತಾರೆ?

*

ಸಿಗೋದು ಯಾರಿಗೆ?

ಜಿಮ್ನಿ 2023ರ ಜೂನ್‌ನಲ್ಲಿ ನಮ್ಮಲ್ಲಿ ಬಂದಾಗ ಆರಂಭದ ಬೆಲೆಯೇ 12.74 ಲಕ್ಷ, ಅದೂ ಎಕ್ಸ್-ಶೋರೂಮ್. "ಇಷ್ಟು ದುಡ್ಡಿಗೆ ಇಷ್ಟೇನಾ ಗಾಡಿ?" ಅಂತ ನಮ್ಮವರು ಮೂಗು ಮುರಿದರು. ಅದೇ ಗಾಡಿ, ಗುರುಗ್ರಾಮದಲ್ಲೇ ತಯಾರಾಗಿ, 2025ರ ಜನವರಿಯಲ್ಲಿ ಜಪಾನಿಗೆ ಹೋದಾಗ ನಾಲ್ಕೇ ದಿನದಲ್ಲಿ ಸುಮಾರು 50,000 ಜನ ಬುಕ್ ಮಾಡಿ, ಕಂಪನಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಮೂರು ಬಾಗಿಲಿನದ್ದು 2021ರಿಂದ ಇಲ್ಲಿಂದ ಹಡಗು ಹತ್ತುತ್ತಿದೆ. ಗೇಟಿನಲ್ಲಿ ನಿಂತು ಟಾಟಾ ಮಾಡೋದಷ್ಟೇ ನಮ್ಮ ಪಾಲು.

ತೆರಿಗೆಯ ತರ್ಕವನ್ನೂ ನೋಡಿ, ಕೋಡ್ ಬರೆಯೋರಿಗೆ ಮಜಾ ಬರುತ್ತೆ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ ಪ್ರಕಾರ, ಪೆಟ್ರೋಲ್ ಕಾರಿನ ಉದ್ದ 4 ಮೀಟರ್ ಒಳಗೆ ಮತ್ತು ಇಂಜಿನ್ 1200 ಸಿಸಿ ಒಳಗೆ ಇದ್ದರೆ 18 ಶೇಕಡಾ, ಇಲ್ಲದಿದ್ದರೆ 40 ಶೇಕಡಾ. ಜಿಮ್ನಿಯ ಉದ್ದ 3985 ಮಿಲಿಮೀಟರ್, ಮೊದಲ ಷರತ್ತು ಪಾಸ್. ಇಂಜಿನ್ 1462 ಸಿಸಿ, ಎರಡನೇ ಷರತ್ತು ಫೇಲ್. ಹಾಗಾಗಿ ಎರಡೂವರೆ ಟನ್ನಿನ ಐಷಾರಾಮಿ ಎಸ್‌ಯುವಿಯ ಪಕ್ಕದಲ್ಲಿ ಅದೇ 40ರ ಬೆಂಚಿನ ಮೇಲೆ ಈ ಪುಟ್ಟನೂ ಕೂತಿದ್ದಾನೆ! ಇಡೀ ಷರತ್ತಿನಲ್ಲಿ ತೂಕ ಅನ್ನೋ ವೇರಿಯಬಲ್ಲೇ ಇಲ್ಲ. ರಸ್ತೆ ಸವೆಸೋದು, ಪೆಟ್ರೋಲ್ ಕುಡಿಯೋದು, ಗುದ್ದಿದಾಗ ಮೂಳೆ ಮುರಿಯೋದು, ಎಲ್ಲದರಲ್ಲೂ ತೂಕದ ಪಾತ್ರ ಇದೆ. ಜಪಾನಿನಲ್ಲಿ ವಾಹನದ ತೂಕಕ್ಕೇ ಪ್ರತ್ಯೇಕ ತೆರಿಗೆ ಇದೆ. ಫ್ರಾನ್ಸ್ 2022ರಲ್ಲಿ ಭಾರದ ಹೊಸ ಕಾರುಗಳ ಮೇಲೆ ದಂಡ ತೆರಿಗೆ ತಂದಿತು. ನಾವೂ ತೂಕ ನೋಡಿದರೆ ತಪ್ಪೇನು?

ನನ್ನ ಕನಸಿನ ಗಾಡಿ ಜಿಮ್ನಿಯೂ ಅಲ್ಲ. ಜಪಾನಿನ ರೈತರ ಹತ್ತಿರ ಕೇ ಟ್ರಕ್ಕುಗಳಿವೆ. 660 ಸಿಸಿ, ಅಂಗೈಯಗಲದ ಗಾಡಿ, ಫೋರ್ ವೀಲ್ ಡ್ರೈವ್‌ನಲ್ಲೂ ಸಿಗುತ್ತೆ. ಭತ್ತದ ಗದ್ದೆ, ಹಿಮದ ದಾರಿ, ಗುಡ್ಡದ ತೋಟ ಎಲ್ಲದಕ್ಕೂ ಅದೇ. ನಮ್ಮಲ್ಲಿ 2005ರಲ್ಲಿ ಟಾಟಾ ಏಸ್ ಬಂದು ಸಣ್ಣ ಸರಕು ಗಾಡಿಯ ಲೋಕವನ್ನೇ ಬದಲಿಸಿತು, ಆದರೆ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಏಸ್ ಅಳತೆಯ, ನಾಲ್ಕೂ ಚಕ್ರ ತಿರುಗುವ, ರೈತನ ಕೈಗೆಟುಕುವ ಒಂದು ಗಾಡಿ ಇದ್ದಿದ್ದರೆ? ಶಿರಸಿ, ಕಳಸ, ಮಡಿಕೇರಿ, ಸಕಲೇಶಪುರದ ಎಷ್ಟು ಮನೆಗಳ ಮಳೆಗಾಲ ಬದಲಾಗುತ್ತಿತ್ತು! ಓಮ್ನಿ ಹೋಯಿತು, ಜಿಪ್ಸಿ ಹೋಯಿತು, ಹಳೇ ಜೀಪುಗಳು ತುಕ್ಕು ಹಿಡಿಯುತ್ತಿವೆ. ಆ ಜಾಗಕ್ಕೆ ಬಂದಿದ್ದೆಲ್ಲ ಅವರ ಕೈಗೆಟುಕದ ಬೆಲೆಯದ್ದು.

*

ಗುಡ್ಡವೂ ಒಂದು ಪಾರ್ಟಿ

ಕೊನೆಯದಾಗಿ ನನ್ನ ಥರದ ಹುಚ್ಚರಿಗೇ ಒಂದು ಮಾತು. ವೀಕೆಂಡ್ ಆದ್ರೆ ಬೆಂಗಳೂರಿನಿಂದ ಸಾಲು ಸಾಲು ಗಾಡಿ ಪಶ್ಚಿಮ ಘಟ್ಟಕ್ಕೆ ಹೊರಡುತ್ತೆ. ಹೋಗಲಿ, ನಾನೂ ಹೋಗುವವನೇ. ಆದರೆ ಹುಲ್ಲುಗಾವಲಿನ ಮೇಲೆ ದಪ್ಪ ಟೈರು ತಿರುಗಿಸಿ ಮಣ್ಣು ಹಾರಿಸೋದು, ಹಳ್ಳದಲ್ಲಿ ಗಾಡಿ ನಿಲ್ಲಿಸಿ ರೇಸ್ ಕೊಡೋದು, ಅದರ ವಿಡಿಯೋ ಹಾಕೋದು ಆಫ್-ರೋಡಿಂಗ್ ಅಲ್ಲ, ದಾಂಧಲೆ. ಶೋಲಾ ಕಾಡಿನ ನೆತ್ತಿಯ ಹುಲ್ಲು ಮಳೆ ನೀರನ್ನು ತಡೆದು ನೆಲಕ್ಕೆ ಇಳಿಸೋ ಚಾಪೆ ಇದ್ದ ಹಾಗೆ. ಒಂದು ಟೈರಿನ ಗುರುತು ಅದನ್ನು ಸೀಳಿದರೆ, ಮುಂದಿನ ಮಳೆಗೆ ಅದೇ ಕೊರಕಲು, ಅದರ ಮುಂದಿನ ಮಳೆಗೆ ಕಾಲುವೆ. ಕೆಳಗಿನ ತೋಟದವನ ಮಣ್ಣು ಹೊಳೆ ಪಾಲು. ಈ ಘಟ್ಟಗಳಿಗೆ 2012ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ್ದು ನಮ್ಮ ಗಾಡಿ ಓಡಿಸೋಕಂತೂ ಅಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗೋದು ಅಪರಾಧ ಅನ್ನೋದಂತೂ ಇದ್ದೇ ಇದೆ.

ಇಲ್ಲೂ ನನ್ನ ಹಳೇ ರಾಗವೇ. ಹಗುರವಾದ ಗಾಡಿ ಕಡಿಮೆ ಗುರುತು ಬಿಡುತ್ತೆ, ಕಡಿಮೆ ಶಕ್ತಿ ಇದ್ದಾಗ ಓಡಿಸೋನು ತಲೆ ಓಡಿಸಬೇಕಾಗುತ್ತೆ. ಆದರೆ ಹಗುರವಾದ ಗಾಡಿಗೂ ಹುಲ್ಲಿನ ಮೇಲೆ ಹಕ್ಕಿಲ್ಲ. ಇರೋ ಜಾಡಿನಲ್ಲಿ ಹೋಗೋಣ. ತೋಟದವರ ಅನುಮತಿ ಕೇಳಿ ಅವರ ಎಸ್ಟೇಟ್ ದಾರಿಯಲ್ಲಿ ಕಲಿಯೋಣ. ಜಾಡು ಮುಗಿದಲ್ಲಿ ಗಾಡಿ ನಿಲ್ಲಿಸಿ ನಡೆಯೋಣ. ಕಾಲಿಗಿಂತ ಹಗುರವಾದ ಆಫ್-ರೋಡರ್ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಹೊಸ ಗಾಡಿ ಕೊಳ್ಳೋ ಯೋಚನೆಯಲ್ಲಿರೋ ಗೆಳೆಯರೇ, ಶೋರೂಮಿನಲ್ಲಿ "ಎಷ್ಟು ದೊಡ್ಡದು?" ಅಂತ ಕೇಳೋ ಬದಲು ಒಮ್ಮೆ "ತೂಕ ಎಷ್ಟು?" ಅಂತ ಕೇಳಿ ನೋಡಿ. ಸೇಲ್ಸ್‌ನವನ ಮುಖ ನೋಡೋಕಾದ್ರೂ ಕೇಳಿ. ಹಾಗೇ ನಿಮ್ಮೂರಿನ ಏರು ಹತ್ತಿದ ಓಮ್ನಿ, ಮಾರುತಿ 800, ಲಡಕಾಸಿ ಜೀಪು, ಯಾವುದರ ಕಥೆ ಇದ್ದರೂ ಕೆಳಗೆ ಬರೆಯಿರಿ. "ನಮ್ಮ ಎರಡು ಟನ್ ಗಾಡಿಯೇ ಶ್ರೇಷ್ಠ" ಅನ್ನೋರು ಬಂದು ಜಗಳ ಆಡಬಹುದು. ಆದರೆ ಮೊದಲು ಒಂದು ಆಷಾಢದಲ್ಲಿ ಕೊಪ್ಪಕ್ಕೆ ಬಂದು ಆ ಏರು ಹತ್ತಿ, ಆಮೇಲೆ ಮಾತಾಡೋಣ. ಟ್ರ್ಯಾಕ್ಟರ್‌ನವರ ನಂಬರ್ ನಾನು ಕೊಡ್ತೀನಿ :-)